ಬಹುಮಾನವನ್ನು ದೀಪಾವಳಿ ಕಳೆದ ಮೇಲೆ ಕೊಡಿ

ಗುಜರಿ ಸಾಮಾನಿನಲ್ಲಿ ನಾಯಿ ಬೆಕ್ಕುಗಳಿಗೆ ಮನೆ ಕಟ್ಟುವ ಸ್ಪರ್ಧೆ ನಡೆಸುವ ಆರ್ಕಿಟೆಕ್ಚರ್ ಮತ್ತು ಡಿಸೈನ್ ಕಾಲೇಜುಗಳ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಹಾಗೇ ಬೆಂಗಳೂರಿನ ಐದೂ ಪಾಲಿಕೆಗಳಲ್ಲಿ ಬೀದಿನಾಯಿಗಳ ವಿಷಯ ನೋಡಿಕೊಳ್ಳುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಆರ್ಕಿಟೆಕ್ಟ್ ಅಲ್ಲ, ಪ್ರಾಣಿದಯಾ ಸಂಘದವಳೂ ಅಲ್ಲ. ಬೆಂಗಳೂರಿನ ಪಶ್ಚಿಮಕ್ಕಿರುವ ಒಂದು ಹಳೇ ಬಡಾವಣೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಕಿಟಕಿ ಪಕ್ಕ ಕೂತರೆ ಇಡೀ ಬೀದಿ ಕಾಣುತ್ತೆ. ಹಾಗಾಗಿ ನಮ್ಮ ಬೀದಿಯ ಆರು ನಾಯಿಗಳ ಜಾತಕ ನನಗೆ ಬಾಯಿಪಾಠ. ರಾತ್ರಿ ಒಂದು ಹೊತ್ತು ಅವುಗಳಿಗೆ ಅನ್ನ ಹಾಕುವುದೂ ನಾನೇ. ಈ ಪತ್ರ ಬರೆಯೋದಕ್ಕೆ ನನಗಿರುವ ಅರ್ಹತೆ ಇಷ್ಟೇ: ಹೋದ ವರ್ಷ ಒಂದು ಕಾಲೇಜಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ನಾಯಿಮನೆ ಬಂದು ಕೂತಿದ್ದು ನಮ್ಮ ಮನೆ ಎದುರಿನ ಹೊಂಗೆ ಮರದ ಕೆಳಗೆ. ಅದನ್ನು ಮಾರ್ಚ್‌ನಿಂದ ಆಗಸ್ಟ್‌ವರೆಗೆ ದಿನಾ ನೋಡಿದವಳು ನಾನು. ತೀರ್ಪುಗಾರರು ನೋಡಿದ್ದು ಹೆಚ್ಚೆಂದರೆ ಹತ್ತು ನಿಮಿಷ ಇರಬೇಕು.

ಕಾಲೇಜಿನ ಹೆಸರು ಬರೆಯಲ್ಲ. ಬರೆದರೆ ಆ ನಾಲ್ಕು ಮಕ್ಕಳಿಗೆ ಬೇಜಾರಾಗುತ್ತೆ, ಅವರದ್ದು ಏನೂ ತಪ್ಪಿಲ್ಲ. ಎರಡು ಹುಡುಗಿಯರು, ಇಬ್ಬರು ಹುಡುಗರು. ಟೆಂಪೋದಲ್ಲಿ ಮನೆ ಹೇರಿಕೊಂಡು ಬಂದು ಇಳಿಸಿದರು. "ಆಂಟಿ, ಇದು ನಿಮ್ಮ ನಾಯಿಗಳಿಗೆ" ಅಂದರು. ನನಗೆ ನಿಜವಾಗಲೂ ಕಣ್ಣಲ್ಲಿ ನೀರು ಬಂತು. ನಮ್ಮ ಬೀದಿಯ ನಾಯಿಗಳಿಗೆ ಕಲ್ಲು ತಂದವರನ್ನು ನೋಡಿದ್ದೆ, ಮನೆ ತಂದವರನ್ನು ನೋಡಿರಲಿಲ್ಲ.

ಮನೆ ಚಂದ ಇತ್ತು, ಅದನ್ನ ಒಪ್ಪಬೇಕು. ಕಂಪನಿಗಳ ಗೋಡೌನಿನಲ್ಲಿ ಸಾಮಾನು ಇಡುವ ಪ್ಯಾಲೆಟ್‌ಗಳನ್ನು ಬಿಚ್ಚಿ, ಆ ಹಲಗೆಗಳಲ್ಲಿ ಗೋಡೆ ಕಟ್ಟಿದ್ದರು. ಯಾವುದೋ ಹಳೇ ಮನೆ ಒಡೆದಾಗ ಸಿಕ್ಕ ನೀಲಿ ಬಣ್ಣದ ಕಿಟಕಿ ಬಾಗಿಲನ್ನು ಪಕ್ಕಕ್ಕೆ ಜೋಡಿಸಿದ್ದರು. ಚಾವಣಿಗೆ ಆಫೀಸೊಂದರ ಟೇಬಲ್ ಹಲಗೆ. ಒಳಗೆ ಹಳೇ ಸೋಫಾದ ಸ್ಪಂಜು, ಅದರ ಮೇಲೆ ಗೋಣಿಚೀಲ. ಮುಂದೆ ಕಮಾನಿನ ಬಾಗಿಲು, ಬಾಗಿಲ ಮೇಲೆ ಕೊರೆದ ಹೆಸರು. ಒಟ್ಟಿನಲ್ಲಿ ಮಕ್ಕಳ ಚಿತ್ರದ ಪುಸ್ತಕದಲ್ಲಿ ನಾಯಿಮನೆ ಹೇಗಿರುತ್ತೋ ಹಾಗೇ.

ಏಪ್ರಿಲ್ ಪೂರ್ತಿ ಒಂದು ನಾಯಿಯೂ ಒಳಗೆ ಕಾಲಿಡಲಿಲ್ಲ. ನಮ್ಮ ಕರಿಯ, ಅಂದರೆ ಬೀದಿಯ ಹಿರಿಯ ಗಂಡುನಾಯಿ, ಮೊದಲನೇ ದಿನವೇ ಅದಕ್ಕೆ ಕಾಲೆತ್ತಿ ಪಟ್ಟಾ ಬರೆಸಿಕೊಂಡ. ಆಮೇಲೆ ಮಧ್ಯಾಹ್ನ ಅದರ ನೆರಳಲ್ಲಿ ಮಲಗುವುದಕ್ಕೆ ಶುರು ಮಾಡಿದ. ಗಮನಿಸಿ, ಒಳಗಲ್ಲ, ನೆರಳಲ್ಲಿ. ನೆರಳು ಜರುಗಿದ ಹಾಗೆ ಅವನೂ ಜರುಗುತ್ತಿದ್ದ. ಒಳಗೆ ನಾನೇ ಕೈ ಹಾಕಿ ನೋಡಿದೆ, ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಹಬೆ. ಗಾಳಿ ಬರೋದಕ್ಕೆ ಇದ್ದಿದ್ದೇ ಒಂದು ಬಾಗಿಲು, ಹೋಗೋದಕ್ಕೂ ಅದೇ. ಅಷ್ಟಕ್ಕೂ ಬೀದಿನಾಯಿ ಹಿಂದೆ ದಾರಿ ಇಲ್ಲದ ಜಾಗಕ್ಕೆ ಸುಲಭವಾಗಿ ನುಗ್ಗಲ್ಲ. ಒಳಗಿದ್ದಾಗ ಬಾಗಿಲಿಗೆ ಇನ್ನೊಂದು ಬೀದಿಯ ನಾಯಿ ಬಂದು ನಿಂತರೆ ಕಥೆ ಮುಗೀತು. ಅದು ಅದಕ್ಕೆ ಗೊತ್ತು, ಪಾಪ ಆ ಮಕ್ಕಳಿಗೆ ಗೊತ್ತಿರಲಿಲ್ಲ.

ಆಷಾಢದಲ್ಲಿ ಕೆಂಚಿ ಬಂದಳು. ಪಕ್ಕದ ಬೀದಿಯವಳು, ಕಿವಿ ಕತ್ತರಿಸಿರಲಿಲ್ಲ, ಅಂದರೆ ಮರಿ ಆಗದ ಹಾಗೆ ಮಾಡುವ ಆಪರೇಷನ್ ಆಗಿರಲಿಲ್ಲ. ಸಾಮಾನ್ಯವಾಗಿ ನಾಯಿಮರಿ ಜಾಸ್ತಿ ಕಾಣುವುದು ಚಳಿಗಾಲದಲ್ಲಿ, ಇವಳದ್ದು ಲೆಕ್ಕ ತಪ್ಪಿದ ಬಾಣಂತನ. ಆ ಮನೆಯೊಳಗೆ ಹೋಗಿ ಐದು ಮರಿ ಹಾಕಿದಳು. ನನಗೆ ಎಷ್ಟು ಖುಷಿ ಆಯಿತೆಂದರೆ ಮನೆ ತಂದ ಹುಡುಗಿಯರಲ್ಲಿ ಒಬ್ಬಳಿಗೆ ಫೋನ್ ಮಾಡಿ ಹೇಳಿದೆ, ಅವಳು ಆ ಕಡೆಯಿಂದ ಕಿರುಚಿದ್ದು ನಮ್ಮ ಅತ್ತೆಗೂ ಕೇಳಿಸಿತು.

ಹನ್ನೆರಡನೇ ದಿನ ರಾತ್ರಿ ಮಳೆ ಬಂತು. ಆಗಸ್ಟ್ ಮಳೆ ಹೇಗಂತ ನಿಮಗೂ ಗೊತ್ತು. ಎರಡು ಗಂಟೆ ಹೊತ್ತಿಗೆ ಮರಿಗಳ ಸದ್ದು ಕೇಳಿ ಎಚ್ಚರ ಆಯಿತು, ಕೊಡೆ ಟಾರ್ಚ್ ಹಿಡಿದು ಹೋದೆ. ಚಾವಣಿಯ ಇಳಿಜಾರನ್ನು ಬಾಗಿಲ ಕಡೆಗೆ ಕೊಟ್ಟಿದ್ದರು, ಸೂರು ಮಾತ್ರ ಎರಡು ಬೆರಳೂ ಹೊರಗೆ ಬಂದಿರಲಿಲ್ಲ. ಚಾವಣಿ ಮೇಲೆ ಬಿದ್ದ ನೀರಷ್ಟೂ ಪರದೆ ಬಿಟ್ಟ ಹಾಗೆ ಬಾಗಿಲ ಮುಂದೆ ಸುರಿದು, ಅರ್ಧ ಒಳಗೇ ಹೋಗುತ್ತಿತ್ತು. ಮನೆ ನೆಲಕ್ಕೆ ತಾಗಿ ಕೂತಿದ್ದರಿಂದ ಕೆಳಗಿಂದಲೂ ನೀರು. ಸ್ಪಂಜು ಕುಡಿಯುವಷ್ಟು ಕುಡಿದಿತ್ತು. ಕೆಂಚಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ರಸ್ತೆ ದಾಟಿ, ನಿಂತಿದ್ದ ಆಟೋ ಕೆಳಗೆ ಇಡುತ್ತಿದ್ದಳು. ನಾಲ್ಕು ಇಟ್ಟಳು. ಐದನೆಯದ್ದನ್ನು ನಾನು ಸ್ಪಂಜಿನ ಕೆಳಗಿಂದ ತೆಗೆದೆ. ಅಂಗೈಯಲ್ಲಿ ಇಟ್ಟುಕೊಂಡು ಸೀರೆ ಸೆರಗಲ್ಲಿ ಉಜ್ಜಿದೆ, ಬಹಳ ಹೊತ್ತು ಉಜ್ಜಿದೆ, ಅದು ಎದ್ದೇಳಲಿಲ್ಲ.

ಬೆಳಗ್ಗೆ ನೋಡಿದರೆ ಚಾವಣಿಯ ಟೇಬಲ್ ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಊದಿಕೊಂಡಿತ್ತು.

ಇದನ್ನೆಲ್ಲ ಯಾಕೆ ಹೇಳ್ತಿದ್ದೇನೆ ಅಂದರೆ, ನಿಮ್ಮ ಸ್ಪರ್ಧೆಗಳು ಬಹಳ ಮಟ್ಟಿಗೆ ನಡೆಯುವುದು ಕಾಲೇಜ್ ಫೆಸ್ಟ್ ಕಾಲದಲ್ಲಿ, ಫೆಬ್ರವರಿ ಮಾರ್ಚ್‌ನಲ್ಲಿ. ಆಗ ಬೆಂಗಳೂರಿನಲ್ಲಿ ರಟ್ಟಿನ ಪೆಟ್ಟಿಗೆಯೂ ಒಳ್ಳೇ ಮನೆಯೇ. ಒಣ ನೆಲದ ಮೇಲೆ, ಶಾಮಿಯಾನದ ಕೆಳಗೆ, ನಾಯಿಯೇ ಇಲ್ಲದ ನಾಯಿಮನೆಗೆ ನೀವು ಅಂಕ ಹಾಕುತ್ತೀರಿ. ಹಾಗಾಗಿ ನನ್ನ ಬೇಡಿಕೆ ಒಂದೇ. ಸ್ಪರ್ಧೆ ನಡೆಸಿ, ನಿಲ್ಲಿಸಬೇಡಿ. ಆದರೆ ಮಾಡಿದ ಮನೆಗಳನ್ನು ಮೃಗಶಿರ ಮಳೆಗಿಂತ ಮುಂಚೆ ಬೀದಿಯಲ್ಲಿ ಇಡಿ, ಸ್ವಾತಿ ಮಳೆ, ದೀಪಾವಳಿ ಎರಡೂ ಕಳೆದ ಮೇಲೆ ಬಂದು ನೋಡಿ, ಆಮೇಲೆ ಬಹುಮಾನ ಕೊಡಿ. ಪಟಾಕಿ ರಾತ್ರಿ ನಾಯಿಗಳು ಎಲ್ಲಿ ನುಗ್ಗಿದವು ಅನ್ನುವುದೂ ಗೊತ್ತಾಗಿರುತ್ತೆ. ಅದಕ್ಕಿಂತ ದೊಡ್ಡ ಜ್ಯೂರಿ ಬೇಕಾ?

ನೀವು ಹೇಳಬಹುದು, ಸೆಮಿಸ್ಟರ್ ಅಷ್ಟು ಉದ್ದ ಇರಲ್ಲ ಅಂತ. ನಿಜ. ಅರ್ಧ ಅಂಕ ಮಾರ್ಚ್‌ನಲ್ಲಿ ಕೊಡಿ, ಉಳಿದ ಅರ್ಧ ನವೆಂಬರ್‌ನಲ್ಲಿ. ಮನೆ ಕಟ್ಟುವ ಕಂಟ್ರಾಕ್ಟರ್‌ಗೂ ನಾವು ಪೂರ್ತಿ ದುಡ್ಡು ಮುಂಚೆನೇ ಕೊಡಲ್ಲ, ಅಲ್ವಾ? ಮಕ್ಕಳು ಮುಂದಿನ ವರ್ಷದ ಕ್ಲಾಸಿಗೆ ಹೋಗಿರುತ್ತಾರೆ ಅಷ್ಟೇ, ಊರು ಬಿಟ್ಟು ಹೋಗಿರಲ್ಲ.

ಇನ್ನು ಗುಜರಿ ಸಾಮಾನಿನ ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದರೆ ಈ ಒಂದು ವರ್ಷದಲ್ಲಿ ನಾನು ಕಲಿತಿದ್ದೆಲ್ಲ ಇಲ್ಲೇ. ನಮ್ಮ ಬೀದಿಯ ಬಡಗಿ ಮಾಮ, ಆಮೇಲೆ ಜಾಲಿ ಮೊಹಲ್ಲಾ ಕಡೆ ಗುಜರಿ ಅಂಗಡಿ ಇಟ್ಟಿರುವ ಒಬ್ಬ ಸಾಬರು, ಇವರಿಬ್ಬರೇ ನನ್ನ ಮೇಷ್ಟ್ರು. ಹಳೇ ಸಾಮಾನು ಅಂದ ತಕ್ಷಣ ಪುಕ್ಕಟೆ, ಪುಕ್ಕಟೆ ಅಂದ ತಕ್ಷಣ ಒಳ್ಳೇದು ಅಂತ ನಾವು ಅಂದುಕೊಂಡಿದ್ದೇವೆ. ಹಳೇ ಸಾಮಾನಿಗೆ ಒಂದು ಹಿಂದಿನ ಜನ್ಮ ಇರುತ್ತೆ. ಅದನ್ನ ಕೇಳದೆ ಮನೆಗೆ ತರಬಾರದು.

ಪ್ಯಾಲೆಟ್ ತಗೊಳ್ಳಿ. ಹೊರದೇಶದಿಂದ ಸಾಮಾನು ಹೊತ್ತು ಬಂದ ಮರದ ಪ್ಯಾಲೆಟ್ ಮೇಲೆ ಒಂದು ಮುದ್ರೆ ಸುಟ್ಟಿರುತ್ತಾರೆ, ಗೋಧಿ ತೆನೆಯಂಥ ಗುರುತು, ಪಕ್ಕದಲ್ಲಿ ಅಕ್ಷರ. ಎಚ್‌ಟಿ ಅಂತಿದ್ದರೆ ಮರವನ್ನು ಬಿಸಿ ಮಾಡಿ ಹುಳ ಕೊಂದಿದ್ದಾರೆ ಅಂತ. ಎಂಬಿ ಅಂತಿದ್ದರೆ ಮಿಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದಾರೆ ಅಂತ. ಮರಿ ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಡಿಯುವ ಪ್ರಾಣಿಗೆ ಯಾವುದು ಬೇಕು, ಯಾವುದು ಬೇಡ ಅಂತ ನೀವೇ ಹೇಳಿ. ಸಾಬರು ಅದನ್ನ ಎರಡು ನಿಮಿಷದಲ್ಲಿ ತೋರಿಸಿಕೊಟ್ಟರು. ನಮ್ಮ ಬಹುಮಾನದ ಮನೆಯ ಹಲಗೆಗಳಲ್ಲಿ ಮುದ್ರೆಯನ್ನೇ ಉಜ್ಜಿ ತೆಗೆದಿದ್ದರು, ನೋಡೋಕೆ ಚೆನ್ನಾಗಿರಲ್ಲ ಅಂತ!

ಆ ನೀಲಿ ಕಿಟಕಿ ಬಾಗಿಲು ಇತ್ತಲ್ಲ, ಅದು ಇನ್ನೊಂದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ತೊಂಬತ್ತು ಪಾಲು, ದಾಟಬಾರದು ಅನ್ನುವ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೇ ಬಾಗಿಲು ಕಿಟಕಿಗಳ ಎನಾಮೆಲ್ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಯಾರು ನೋಡಿದ್ದಾರೆ. ಪರೆ ಪರೆಯಾಗಿ ಎದ್ದ ಹಳೇ ಬಣ್ಣ ನಿಮ್ಮ ಪೋಸ್ಟರ್‌ನಲ್ಲಿ ಬಹಳ ಮುದ್ದಾಗಿ ಕಾಣುತ್ತೆ. ಅದನ್ನ ನೆಕ್ಕುವವರಿಗೆ ಮಾತ್ರ ಅಲ್ಲ, ಮಾಸ್ಕ್ ಇಲ್ಲದೆ ಉಪ್ಪುಕಾಗದ ಹಿಡಿದು ಉಜ್ಜುವ ನಿಮ್ಮ ಹುಡುಗರಿಗೂ ಒಳ್ಳೇದಲ್ಲ. ಹಾಗೇ ಸಿಮೆಂಟ್ ಶೀಟು. ಹಳೇ ಶೆಡ್ಡು ಒಡೆದಾಗ ಸಿಗುವ ಆ ಬೂದು ಬಣ್ಣದ ಅಲೆ ಅಲೆ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತೆ. ಅದನ್ನ ಗರಗಸ ಹಾಕಿ ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರಲ್ಲ. ಅದನ್ನ ಕಾಲೇಜಿನ ಗೇಟಿನ ಒಳಗೇ ಬಿಟ್ಟುಕೊಳ್ಳಬೇಡಿ.

ಅಸ್ಸಾಮಿನ ಶಿವಸಾಗರದಲ್ಲಿ ಒಬ್ಬರು ಕೆಟ್ಟ ಹಳೇ ಡಬ್ಬಾ ಟಿವಿಗಳ ಒಳಗಿನದ್ದೆಲ್ಲ ತೆಗೆದು, ಖಾಲಿ ಪೆಟ್ಟಿಗೆಯನ್ನು ಬೀದಿನಾಯಿಗಳಿಗೆ ಮನೆ ಮಾಡಿ ಇಟ್ಟ ಸುದ್ದಿ ಕೆಲವು ವರ್ಷದ ಹಿಂದೆ ಬಂದಿತ್ತು. ನನಗೆ ಬಹಳ ಇಷ್ಟವಾದ ಕೆಲಸ ಅದು. ಪ್ಲಾಸ್ಟಿಕ್ ಪೆಟ್ಟಿಗೆ, ಮಳೆಗೆ ಕೊಳೆಯಲ್ಲ, ತೊಳೆಯಬಹುದು, ಒಂದು ನಾಯಿ ಮುದುಡಿ ಮಲಗುವಷ್ಟೇ ಜಾಗ, ಹಾಗಾಗಿ ಮೈ ಬಿಸಿ ಒಳಗೇ ನಿಲ್ಲುತ್ತೆ. ಆದರೆ ಆ ಟಿವಿಯ ದಪ್ಪ ಗಾಜಿನ ಟ್ಯೂಬಿನಲ್ಲೂ ಸೀಸ ಇರುತ್ತೆ. ಅದನ್ನ ಮಕ್ಕಳು ಹಾಸ್ಟೆಲ್ ಹಿಂದೆ ಸುತ್ತಿಗೆಯಲ್ಲಿ ಒಡೆಯೋದಲ್ಲ, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಬೇಕು.

ಟೈರು ಎಲ್ಲರಿಗೂ ಇಷ್ಟ. ಬಣ್ಣ ಹೊಡೆದು ಮಧ್ಯೆ ದಿಂಬು ಇಟ್ಟರೆ ಫೋಟೋ ಬಹಳ ಚೆನ್ನಾಗಿ ಬರುತ್ತೆ. ಮಳೆ ಬಂದರೆ ಅದರ ಹೊಟ್ಟೆಯೊಳಗೆ ನೀರು ನಿಲ್ಲುತ್ತೆ, ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೇ ಹೆರಿಗೆ ಮನೆ ಬೇರೆ ಇಲ್ಲ. ತೂತು ಕೊರೆಯದ ಟೈರನ್ನು ಬೀದಿಯಲ್ಲಿ ಇಟ್ಟರೆ ಹೆಲ್ತ್ ಇನ್‌ಸ್ಪೆಕ್ಟರ್ ಎತ್ತಿಕೊಂಡು ಹೋಗುತ್ತಾರೆ, ಹೋಗಲೇಬೇಕು.

ಈಗ ಉಣ್ಣೆಯ ವಿಷಯ. ಸ್ವೆಟರ್ ಉಣ್ಣೆಯಲ್ಲ, ನಾಯಿ ಮೈಮೇಲೆ ರಕ್ತ ಹೀರುವ ಹುಳ, ನಿಮ್ಮಲ್ಲಿ ಕೆಲವರು ಉಣುಗು ಅಂತೀರಿ. ಅದು ಬದುಕಿನ ಬಹುಪಾಲು ಕಳೆಯುವುದು ನಾಯಿಯ ಮೇಲಲ್ಲ. ಹೊಟ್ಟೆ ತುಂಬಿದ ಮೇಲೆ ಉದುರಿ, ಗೋಡೆ ಸಂದು, ಹಲಗೆ ಸಂದು ಹುಡುಕಿಕೊಂಡು ಹೋಗಿ ಅಲ್ಲೇ ಮೊಟ್ಟೆ ಇಡುತ್ತೆ. ಒಂದೊಂದು ಹೆಣ್ಣು ಸಾವಿರಗಟ್ಟಲೆ. ಹಲಗೆ ಹಲಗೆ ಜೋಡಿಸಿದ ಮನೆ ಅಂದರೆ ಬರೀ ಸಂದು. ಕೆಂಚಿಯ ಉಳಿದ ನಾಲ್ಕು ಮರಿಗಳಲ್ಲಿ ಎರಡಕ್ಕೆ ಉಣ್ಣೆ ಜ್ವರ ಬಂತು. ಡಾಕ್ಟರು ಹೇಳಿದ ಮೇಲೆ ಆ ಮನೆಯ ಒಂದು ಹಲಗೆ ಬಿಚ್ಚಿಸಿದೆ. ಹಿಂದೆ ಹರಳು ಸುರಿದ ಹಾಗೆ ಸಾಲಾಗಿ ಕೂತಿದ್ದವು. ನಾನು ಆ ರಾತ್ರಿ ಊಟ ಮಾಡಲಿಲ್ಲ.

ಅದರ ಜೊತೆಗೆ ಪಾರ್ವೋ. ಮರಿಗಳಿಗೆ ಬರುವ ವಾಂತಿ ಭೇದಿ ರೋಗ, ಮೂರು ದಿನದಲ್ಲಿ ಮರಿಯನ್ನ ಒಣಗಿಸಿಬಿಡುತ್ತೆ. ಅದರ ವೈರಸ್ ಮಣ್ಣಲ್ಲಿ, ಮರದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಇರುತ್ತೆ. ಸೋಪಿಗೆ ಬಗ್ಗಲ್ಲ, ಬ್ಲೀಚ್‌ಗೆ ಬಗ್ಗುತ್ತೆ. ಆದರೆ ಹಸಿ ಮರ, ಸ್ಪಂಜು, ಗೋಣಿಚೀಲಕ್ಕೆ ಬ್ಲೀಚ್ ಹಾಕಿ ಏನು ಪ್ರಯೋಜನ, ಅದು ಒಳಗೆ ಹೋಗಲ್ಲ. ಹಾಗಾಗಿ ನೀವು ಕೊಡುವ ಅಂಕದಲ್ಲಿ "ತೊಳೆಯಬಹುದಾ" ಅನ್ನೋದು ಮೊದಲ ಪ್ರಶ್ನೆ ಆಗಲಿ. ಹಾಸಿಗೆ ಬೇಕೇ ಬೇಕಿದ್ದರೆ ಒಣ ಭತ್ತದ ಹುಲ್ಲು ಹಾಕಿ. ಬಟ್ಟೆ ನೀರು ಹೀರಿಕೊಂಡು ಮೈಯನ್ನೇ ತಣ್ಣಗೆ ಮಾಡುತ್ತೆ, ಹುಲ್ಲು ಹಾಗೆ ಹೀರಲ್ಲ. ಹಳೆಯದಾದರೆ ತೆಗೆದು ಎಸೆದು ಹೊಸದು ಹಾಕಬಹುದು. ಹಿಮ ಬೀಳುವ ದೇಶಗಳಲ್ಲಿ ಬೀದಿಬೆಕ್ಕುಗಳಿಗೆ ಪೆಟ್ಟಿಗೆ ಇಡುವವರೂ ಕಂಬಳಿ ಬೇಡ, ಹುಲ್ಲೇ ಇರಲಿ ಅಂತಾರೆ. ಹೊಲಿಗೆಯವಳಾಗಿ ನಾನೇ ಬಟ್ಟೆ ಬೇಡ ಅನ್ನಬೇಕಾಯಿತು ನೋಡಿ, ಮನೆ ತುಂಬ ಬ್ಲೌಸ್ ಪೀಸಿನ ಚೂರು ಇಟ್ಟುಕೊಂಡು!

ಆ ದೇಶಗಳ ಮಾತು ಬಂದಿದ್ದಕ್ಕೆ ಇನ್ನೊಂದು. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಲ್ಲಿ ದೊಡ್ಡ ದೊಡ್ಡ ಆರ್ಕಿಟೆಕ್ಟ್‌ಗಳು ಬೀದಿಬೆಕ್ಕುಗಳಿಗೆ ಮನೆ ಮಾಡಿ ಪ್ರದರ್ಶನ ಇಟ್ಟಿದ್ದಾರೆ. ಅದರಿಂದ ಬಂದ ದುಡ್ಡು ಬೆಕ್ಕುಗಳ ಆಪರೇಷನ್ ಮಾಡಿಸುವವರ ಕೈ ಸೇರಿದೆ. ಅಂದರೆ ಅಲ್ಲಿ ಮನೆ ಒಂದು ನೆಪ, ಆಪರೇಷನ್ ಅಸಲು ಕೆಲಸ. ನಮ್ಮಲ್ಲಿ ನೆಪವನ್ನು ಮಾತ್ರ ಇಂಪೋರ್ಟ್ ಮಾಡಿಕೊಂಡಿದ್ದೇವೆ ಅನ್ಸುತ್ತೆ. 2023ರ ಎಣಿಕೆಯಲ್ಲಿ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿ ಇದ್ದವು. ಅದಕ್ಕಿಂತ ನಾಲ್ಕು ವರ್ಷ ಹಿಂದಿನ, ಅಂದರೆ 2019ರ ಎಣಿಕೆಯಲ್ಲಿ 3.1 ಲಕ್ಷ. ಇಪ್ಪತ್ತು ಟೀಮು ಇಪ್ಪತ್ತು ಮನೆ ಮಾಡಿದರೆ ಈ ಲೆಕ್ಕಕ್ಕೆ ಏನೂ ಆಗಲ್ಲ. ಹಾಗಾಗಿ ಎಲ್ಲ ನಾಯಿಗೂ ಮನೆ ಅನ್ನುವ ಮಾತು ಬಿಡಿ. ಮನೆ ಬೇಕಾಗಿರೋದು ಬಾಣಂತಿಗೆ, ಮರಿಗಳಿಗೆ, ಕಾಲು ಮುರಿದಿದ್ದಕ್ಕೆ, ವಯಸ್ಸಾಗಿದ್ದಕ್ಕೆ. ಪ್ರತಿ ಮನೆಯ ಜೊತೆ ಆ ಬೀದಿಯ ಒಂದು ಹೆಣ್ಣುನಾಯಿಯ ಆಪರೇಷನ್ ಮತ್ತು ಎಲ್ಲ ನಾಯಿಗಳ ರೇಬೀಸ್ ಚುಚ್ಚುಮದ್ದು ಆಗಿದೆಯಾ ಅಂತ ಟೀಮಿನವರು ಪಾಲಿಕೆಗೆ ಫೋನ್ ಮಾಡಿ, ಬೆನ್ನು ಹತ್ತಿ ಮಾಡಿಸಲಿ. ಅದಕ್ಕೂ ಅಂಕ ಕೊಡಿ. ಪಾಲಿಕೆಗೆ ಫೋನ್ ಮಾಡಿ ಕೆಲಸ ಮಾಡಿಸಿಕೊಳ್ಳೋದು ಕೂಡ ಕಲಿಯಬೇಕಾದ ವಿದ್ಯೆನೇ.

ಉಳಿದ ನಾಯಿಗಳಿಗೆ ಏನು ಬೇಕು? ನನ್ನ ಪ್ರಕಾರ ಮನೆ ಅಲ್ಲ, ಜಗಲಿ.

ನಮ್ಮ ತವರಿನ ಮನೆಗೆ ಜಗಲಿ ಇತ್ತು. ಮಳೆ ಬಂದರೆ ದಾರಿಹೋಕರು, ಮೇಕೆ, ನಾಯಿ ಎಲ್ಲ ಅಲ್ಲೇ ನಿಲ್ಲೋದು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಈಗ ಬೆಂಗಳೂರಿನಲ್ಲಿ ಜಗಲಿ ಇದ್ದ ಜಾಗದಲ್ಲಿ ಕಾರು ಹತ್ತಿಸುವ ಇಳಿಜಾರು, ಅದರ ಮೇಲೆ ಗೇಟು. ನಾಯಿ ಎಲ್ಲಿ ಮಲಗುತ್ತೆ ನೋಡಿ: ಮರಳ ರಾಶಿ ಮೇಲೆ, ಕಾರಿನ ಟಾಪ್ ಮೇಲೆ, ಮುಚ್ಚಿದ ಅಂಗಡಿಯ ಕಟ್ಟೆ ಮೇಲೆ. ಎಲ್ಲವೂ ನೆಲಕ್ಕಿಂತ ಎತ್ತರ, ನಾಲ್ಕು ಕಡೆ ಕಣ್ಣಿಗೆ ಕಾಣುವ ಜಾಗ. ಅದಕ್ಕೆ ಬೇಕಿರೋದು ಒಂದು ಎತ್ತರದ ಕಟ್ಟೆ, ಮೇಲೆ ಅಗಲವಾದ ಸೂರು, ಮಳೆ ಹೊಡೆಯುವ ಕಡೆ ಮಾತ್ರ ಒಂದು ಗೋಡೆ. ಇದು ಗೊತ್ತಾಗಬೇಕಿದ್ದರೆ ಡ್ರಾಯಿಂಗ್ ಶೀಟ್ ಮುಂದೆ ಕೂರಬಾರದು, ರಾತ್ರಿ ಹತ್ತು ಗಂಟೆ ಮೇಲೆ ಒಂದು ರೌಂಡ್ ಬೀದಿ ಸುತ್ತಬೇಕು.

ಆ ನಾಲ್ವರಲ್ಲಿ ಒಬ್ಬಳು ಹುಡುಗಿ ಹಾಗೆ ಸುತ್ತಿದಳು, ಅದನ್ನ ಹೇಳದೆ ಇದ್ದರೆ ತಪ್ಪಾಗುತ್ತೆ. ಮಳೆಯ ಸುದ್ದಿ ಕೇಳಿ ಮಾರನೇ ವಾರ ಒಬ್ಬಳೇ ಬಂದಳು. ಸತ್ತ ಮರಿಯನ್ನ ಎಲ್ಲಿ ಹೂತಿದ್ದು ಅಂತ ಕೇಳಿ ಅಲ್ಲಿ ಹೋಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನನ್ನ ಹತ್ತಿರ ಬಟ್ಟೆ ಗುರುತು ಹಾಕುವ ಚಾಕ್ ಇಸ್ಕೊಂಡು, ಅಂಗಡಿ ಕಟ್ಟೆ ಮೇಲೆ ಸುತ್ತಿಕೊಂಡು ಮಲಗಿದ್ದ ಕರಿಯನ ಸುತ್ತ, ಉಸಿರು ಬಿಗಿ ಹಿಡಿದು ಒಂದು ಗೆರೆ ಎಳೆದಳು. ಅವನು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಅವನು ಎದ್ದು ಹೋದ ಮೇಲೆ ನನ್ನ ಟೇಪಿನಲ್ಲೇ ಅಳೆದಳು. ಎರಡಡಿ ಉದ್ದ, ಒಂದೂವರೆ ಅಡಿಗಿಂತ ಒಂದಿಷ್ಟು ಜಾಸ್ತಿ ಅಗಲ. "ಆಂಟಿ, ನಾವು ನಾಲ್ಕಡಿಗೆ ಮೂರಡಿ ಮಾಡಿದ್ವಿ" ಅಂದಳು. ದೊಡ್ಡದು ಮಾಡಿದರೆ ಪ್ರೀತಿ ಜಾಸ್ತಿ ಅಂತ ಅಂದುಕೊಂಡಿದ್ದಂತೆ. ಒಂದು ನಾಯಿಯ ಮೈಶಾಖಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಬೆಚ್ಚಗಾಗಲ್ಲ.

ಅವಳು, ಬಡಗಿ ಮಾಮ, ನಾನು ಸೇರಿ ಮಾಡಿದ್ದು ಈಗಲೂ ಅಲ್ಲೇ ಇದೆ. ಇನ್ನೂರು ಲೀಟರಿನ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಸಾಬರ ಅಂಗಡಿಯದ್ದು, ಕೊಳ್ಳುವ ಮುಂಚೆ ಅದರಲ್ಲಿ ಏನಿತ್ತು ಅಂತ ಕೇಳಿದೆವು. ಹಣ್ಣಿನ ರಸ ತುಂಬಿದ್ದು, ವಾಸನೆ ನೋಡಿ ಬೇಕಾದರೆ ಅಂದರು. ಕೆಮಿಕಲ್ ತುಂಬಿದ್ದ ಡ್ರಮ್ಮು ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು, ಬೇಡ ಅಂದೆವು. ಅಡ್ಡ ಮಲಗಿಸಿ, ಉರುಳದ ಹಾಗೆ ಕಬ್ಬಿಣದ ಹಳೇ ಕುರ್ಚಿಯ ಫ್ರೇಮಿನ ಮೇಲೆ ಬೋಲ್ಟ್ ಮಾಡಿದೆವು. ಬಾಯಿ ಕೊಯ್ದ ಅಂಚಿಗೆ ಗಿಡಕ್ಕೆ ನೀರು ಹಾಕುವ ಹಳೇ ಪೈಪನ್ನು ಸೀಳಿ ಸಿಕ್ಕಿಸಿದ್ದೇವೆ, ಮೈ ತರಚಬಾರದು ಅಂತ. ಕೆಳಗೆ ನಾಲ್ಕು ತೂತು, ಹಿಂದೆ ಮೇಲ್ಗಡೆ ಗಾಳಿಗೆ ಎರಡು. ಮೇಲೆ ಚುನಾವಣೆಯ ಹಳೇ ಫ್ಲೆಕ್ಸನ್ನು ಮಡಿಸಿ, ಎರಡು ಪದರ ಮಾಡಿ ಮೆಷಿನ್‌ನಲ್ಲಿ ಹೊಲಿದು ಸೂರು ಬಿಟ್ಟೆ. ಯಾವ ಪಕ್ಷದ್ದು ಅಂತ ಹೇಳಲ್ಲ, ಮುಖ ಒಳಗಡೆಗೆ ಇದೆ. ಬಿಸಿಲಿಗೆ ಕಾಯಬಾರದು ಅಂತ ಡ್ರಮ್ಮಿಗೆ ಬಿಳಿ ಬಣ್ಣ. ಎಲ್ಲಾ ಸೇರಿ ಖರ್ಚು ಸಾವಿರದ ಇನ್ನೂರು ರೂಪಾಯಿ, ಅದರಲ್ಲಿ ಡ್ರಮ್ಮಿನದ್ದೇ ಮುಕ್ಕಾಲು ಪಾಲು. ಇದು ಬಾಣಂತಿ ಮನೆ. ಪಕ್ಕದಲ್ಲೇ ಕಡಪಾ ಕಲ್ಲಿನ ಚೂರುಗಳಲ್ಲಿ ಒಂದು ಜಗಲಿ.

ದೀಪಾವಳಿ ರಾತ್ರಿ ಒಂದು ತಮಾಷೆ ಆಯಿತು. ಜಗಲಿ ಬಿಟ್ಟರೆ ಬೇರೆ ಕಡೆ ಮಲಗದ ಕರಿಯ, ಪಟಾಕಿ ಶುರುವಾದ ಕೂಡಲೇ ಡ್ರಮ್ಮಿನೊಳಗೆ ನುಗ್ಗಿ, ಕೆಂಚಿಯ ಜೊತೆ ಮುದುರಿಕೊಂಡ. ಅವಳು ಗುರ್ರ್ ಅಂತಲೂ ಅನ್ನಲಿಲ್ಲ. ಹಾಗಾಗಿ ನಾನು ಮೇಲೆ ಹೇಳಿದ ಜಗಲಿ ಸಿದ್ಧಾಂತಕ್ಕೆ ವರ್ಷದಲ್ಲಿ ಮೂರು ರಾತ್ರಿ ರಜೆ.

ಬಹುಮಾನದ ಮನೆ ಏನಾಯಿತು ಅಂತ ಕೇಳಬಹುದು. ಸೆಪ್ಟೆಂಬರ್‌ನಲ್ಲಿ ಕಸದ ಲಾರಿಯವರು ಎತ್ತಿಕೊಂಡು ಹೋದರು. ನನಗೆ ಸಿಟ್ಟು ಬಂದು ನಮ್ಮ ಬೀದಿ ಗುಡಿಸುವ ಅಕ್ಕನ್ನ ಕೇಳಿದೆ. ಆಯಮ್ಮ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ನೆಲಕ್ಕೆ ಅಂಟಿಸಿ ಇಟ್ಟವ್ರೆ ಕಣಮ್ಮ, ಪೊರಕೆ ಹೋಗಲ್ಲ, ಕೆಳಗಡೆ ಎಲೆಯೆಲ್ಲ ಕೊಳೆತು ಹೆಗ್ಗಣ ಸೇರ್ಕೊಂಡೈತೆ. ಸೂಪರ್‌ವೈಸರ್ ನಂಗೆ ಬೈತಾರೆ." ಎರಡು ಲಕ್ಷ ಫೀಸು ತಗೊಳ್ಳುವ ಕೋರ್ಸಿನಲ್ಲಿ ಯಾರಿಗೂ ಹೊಳೆಯದ ಮಾತು ಇದು! ನಮ್ಮ ಡ್ರಮ್ಮಿನ ಕೆಳಗೆ ಮುಕ್ಕಾಲು ಅಡಿ ಜಾಗ ಬಿಟ್ಟಿದ್ದೇವೆ, ಆಯಮ್ಮನ ಪೊರಕೆ ಅಳತೆ ನೋಡಿಯೇ. ನಿಮ್ಮ ಮುಂದಿನ ಜ್ಯೂರಿಯಲ್ಲಿ ಒಂದು ಕುರ್ಚಿ ಪೌರಕಾರ್ಮಿಕರಿಗೆ ಹಾಕಿ, ಇನ್ನೊಂದು ಪಶುವೈದ್ಯರಿಗೆ. ಸಿನಿಮಾದವರು ಬೇಡ.

ಈಗ ಪಾಲಿಕೆಯವರಿಗೆ. ಹೋದ ವರ್ಷ, ಅಂದರೆ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿದ್ದು: ಹಿಡಿದ ನಾಯಿಗೆ ಆಪರೇಷನ್ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವ, ಮೈಮೇಲೆ ಬೀಳುವ ನಾಯಿ ಬಿಟ್ಟು. ಜೊತೆಗೆ ಪ್ರತಿ ವಾರ್ಡಿನಲ್ಲಿ ಊಟ ಹಾಕಲು ಗೊತ್ತಾದ ಜಾಗ ಮಾಡಿ, ಎಲ್ಲೆಂದರಲ್ಲಿ ಬೀದಿಯಲ್ಲಿ ಹಾಕಬೇಡಿ ಅಂತ. ನವೆಂಬರ್ 7ರಂದು ಇನ್ನೊಂದು ಆದೇಶ: ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆ ಇರುವ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಿ, ವಾಪಸ್ ಅಲ್ಲಿಗೆ ಬಿಡಬೇಡಿ ಅಂತ. ಅಂದರೆ ಕಾಲೇಜಿನವರು ನಾಯಿಮನೆ ಸ್ಪರ್ಧೆ ನಡೆಸಿ, ಆ ಮನೆಯನ್ನು ತಮ್ಮ ಕಾಂಪೌಂಡಿನಲ್ಲಿ ಇಡುವ ಹಾಗೇ ಇಲ್ಲ. ಹಾಗಾಗಿ ಅದು ಬರೋದು ನಮ್ಮಂಥವರ ಬೀದಿಗೇ. ನಾನು ಅನ್ನ ಹಾಕುವುದಕ್ಕೂ ಜಾಗ ಗುರುತು ಮಾಡಿ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ದಯವಿಟ್ಟು ಮಾಡಿಕೊಡಿ. ಊಟದ ಜಾಗ ಗುರುತು ಮಾಡುವಾಗಲೇ ಪಕ್ಕದಲ್ಲಿ ಒಂದು ಜಗಲಿಗೂ ಜಾಗ ಬಿಡಿ. ಮಕ್ಕಳು ಆಡುವ ಕಡೆ ಬೇಡ, ಯಾರ ಮನೆ ಗೇಟಿನ ಎದುರೂ ಬೇಡ. ನಾಯಿ ಅಂದರೆ ಹೆದರುವವರೂ ಇದೇ ಬೀದಿಯವರು, ಅವರ ಮಾತೂ ಕೇಳಿ. ನಮ್ಮ ಎದುರು ಮನೆ ಅಜ್ಜಿಗೆ ಹಿಂದೆ ಒಂದು ಸಲ ನಾಯಿ ಕಚ್ಚಿತ್ತು. ಡ್ರಮ್ಮು ಇಡುವ ಮುಂಚೆ ಅವರನ್ನ ಕೇಳಿಯೇ ಇಟ್ಟಿದ್ದು. "ಚುಚ್ಚುಮದ್ದಿನ ಚೀಟಿ ತೋರಿಸು, ಆಮೇಲೆ ಇಡು" ಅಂದರು, ತೋರಿಸಿದೆ. ಈಗ ಹುಲ್ಲು ಬದಲಾಯಿಸಿ ತಿಂಗಳಾಯಿತು ಅಂತ ನೆನಪು ಮಾಡುವುದೇ ಅವರು.

ಕೆಂಚಿಗೆ ಆಪರೇಷನ್ ಆಗಿದೆ. ನಾಲ್ಕು ಮರಿಗಳಲ್ಲಿ ಮೂರು ಉಳಿದವು, ಎರಡನ್ನು ಮನೆಗಳವರು ಸಾಕಿಕೊಂಡರು.

ಮೇಷ್ಟ್ರೇ, ಮೇಡಂ, ಈ ವರ್ಷವೂ ನಿಮ್ಮ ಫೆಸ್ಟ್ ಹತ್ತಿರ ಬಂತು ಅಂತ ಆ ಹುಡುಗಿ ಹೇಳಿದಳು. ದಿನಾಂಕ ಮುಂದೆ ಹಾಕೋಕೆ ಆಗಲೇ ಇಲ್ಲ ಅಂದರೂ ಇಷ್ಟಾದರೂ ಮಾಡಿ: ಜ್ಯೂರಿ ದಿನ ಪ್ರತಿ ಮನೆಯೊಳಗೂ ಒಂದು ಒಣ ನ್ಯೂಸ್ ಪೇಪರ್ ಹಾಸಿ, ಮೇಲಿಂದ ನಾಲ್ಕು ಬಕೆಟ್ ನೀರು ಸುರಿದು, ಆ ಪೇಪರ್ ತೆಗೆದು ನೋಡಿ. ಬಕೆಟ್ ಇಲ್ಲದಿದ್ದರೆ ನಾನು ತರ್ತೇನೆ.

ಇಂತಿ,
ಹೊಂಗೆ ಮರದ ಎದುರಿನ ಹೊಲಿಗೆಯವಳು

ಮರೆತಿದ್ದೆ: ಬಹುಮಾನದ ಮನೆ ಇಳಿಸಿದ ದಿನ ನಿಮ್ಮ ಹುಡುಗರು ಒಂದು ಸುತ್ತಿಗೆ ಬಿಟ್ಟು ಹೋಗಿದ್ದಾರೆ. ಹಿಡಿಯ ಮೇಲೆ ಕಾಲೇಜಿನ ನಂಬರ್ ಇದೆ. ಬಡಗಿ ಮಾಮ ಆಗಲೇ ಎರಡು ಸಲ ಕೇಳಿದರು, ನಾನು ಕೊಟ್ಟಿಲ್ಲ. ಬೇಗ ಬಂದು ತಗೊಂಡು ಹೋಗಿ.